ತೂಬಿಗೆ ಸಿಕ್ಕ ಕಾಲು

ನೀರಿಗಿಳಿಯುವವರ ನಡುವೆ ಅವನಿಗೆ ಆಮೆ ಎಂದೇ ಹೆಸರು. ನಡೆಯುವುದು ನಿಧಾನ, ಉಣ್ಣುವುದು ನಿಧಾನ. ಏನಾದರೂ ಕೇಳಿದರೆ ಅವನ ಉತ್ತರ ಬರುವಷ್ಟರಲ್ಲಿ ಕೇಳಿದವನಿಗೆ ಪ್ರಶ್ನೆಯೇ ಮರೆತಿರುತ್ತಿತ್ತು. ಸೇತುವೆಯ ಕಂಬ, ಅಣೆಕಟ್ಟಿನ ಬುಡ, ಊರಿನ ನೀರಿನ ತೊಟ್ಟಿ, ಎಲ್ಲಿ ನೀರಿನಡಿ ಕೆಲಸವಿದ್ದರೂ ಅವನಿಗೆ ಕರೆ ಬರುತ್ತಿತ್ತು. ಆಳದಿಂದ ಮೇಲೆ ಬರುವಾಗ ಅವಸರ ಮಾಡಿದವರು ಕೈಕಾಲು ಕಳೆದುಕೊಂಡದ್ದುಂಟು. ಆಮೆಗೆ ಒಂದು ದಿನವೂ ಕಿರುಬೆರಳು ನೊಂದಿರಲಿಲ್ಲ.

ಮೇಲೆ ನಿಂತು ಅವನ ಹಗ್ಗವನ್ನೂ ಗಾಳಿಯ ಕೊಳವೆಯನ್ನೂ ಹಿಡಿಯುತ್ತಿದ್ದವನು ಅವನ ಹೆಂಡತಿಯ ತಮ್ಮ. ಇವನನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಬೆಳಿಗ್ಗೆ ತೆರೆದ ಬಾಯಿ ದಿಂಬಿಗೆ ತಲೆ ಕೊಟ್ಟ ಮೇಲೇ ಮುಚ್ಚುವುದು ಎಂದು ಅವನ ಅಕ್ಕನೇ ಹೇಳಿಕೊಂಡು ನಗುತ್ತಿದ್ದಳು. ಭಾವನ ತಲೆಗೆ ಹಾಕುವ ಹಿತ್ತಾಳೆಯ ಟೊಪ್ಪಿಗೆಯೊಳಗೆ ಒಂದು ಫೋನಿತ್ತು, ಅದರ ತಂತಿ ಮೇಲಿನ ಪೆಟ್ಟಿಗೆಗೆ ಬರುತ್ತಿತ್ತು. ಕೆಳಗೆ, ತನ್ನ ಕೈ ತನಗೇ ಕಾಣದ ಕೆಸರುಗತ್ತಲಲ್ಲಿ, ಮೈದುನನ ಹರಟೆ ಕೇಳುತ್ತಾ ಕೆಲಸ ಮಾಡುವುದು ಆಮೆಗೆ ರೂಢಿಯಾಗಿಹೋಗಿತ್ತು. ಹತ್ತು ಮಾತಿಗೆ ಒಮ್ಮೆ "ಹೂಂ" ಅನ್ನುವನು. ರೇಡಿಯೋಗೆ ಅಷ್ಟು ಸಾಕಾಗುತ್ತಿತ್ತು.

ಆ ದಿನದ ಕೆಲಸ ಊರಿಗೆ ಕುಡಿಯುವ ನೀರು ಕೊಡುವ ಅಣೆಕಟ್ಟಿನಲ್ಲಿ. ನೀರಿನ ತಳದಲ್ಲಿ ಗೋಡೆಗೊಂದು ತೂಬು. ಆ ತೂಬಿನಿಂದ ಒಂದು ದೊಡ್ಡ ಕಬ್ಬಿಣದ ಪೈಪು ಗೋಡೆಯೊಳಗೆ ಹಾದು ಆಚೆ ಕಡೆ, ನೀರು ಶುದ್ಧ ಮಾಡುವ ಜಾಗಕ್ಕೆ ಹೋಗುತ್ತಿತ್ತು. ತೂಬಿನ ಗೇಟು ಇಳಿಸಿದ್ದರೂ ಅದರ ಅಂಚಿನ ರಬ್ಬರು ಎಲ್ಲೋ ಹರಿದು ನೀರು ಸೋರುತ್ತಿತ್ತು. ಆಚೆ ಕಡೆ ಪೈಪಿನ ವಾಲ್ವನ್ನು ರಿಪೇರಿಗೆಂದು ಬಿಚ್ಚಿ ಹಾಕಿದ್ದರು. ಪೈಪು ಖಾಲಿಯಾಗಿತ್ತು.

ಪೀಪಾಯಿಗಳ ಮೇಲೆ ಹಲಗೆ ಹಾಸಿದ ತೆಪ್ಪದಲ್ಲಿ ನಿಂತು ಆಮೆ ಮೊದಲು ಕೇಳಿದ್ದು ಅದನ್ನೇ.

"ಆ ಕಡೆ ಪೈಪಲ್ಲಿ ನೀರಿಲ್ವಾ ಮೇಡಂ?"

"ಇಲ್ಲ. ವಾಲ್ವ್ ಬಿಚ್ಚಿದ್ದಾರೆ," ಎಂದರು ಇಂಜಿನಿಯರ್ ಮೇಡಂ. ತೆಳ್ಳಗಿನ ಹೆಂಗಸು. ಬಿಸಿಲಿಗೆ ಟೋಪಿ ಹಾಕಿದ್ದರು, ಕೈಯಲ್ಲಿ ಬಿಡುವಿಲ್ಲದೆ ನಡುಗುವ ಮೊಬೈಲು.

"ಹಾಗಾದ್ರೆ ಮೊದಲು ಅದನ್ನ ಜೋಡಿಸ್ಲಿ. ಪೈಪು ತುಂಬ್ಲಿ. ಎರಡೂ ಕಡೆ ನೀರಿದ್ರೆ ಅದು ನಮ್ಮನ್ನ ಏನೂ ಮಾಡಲ್ಲ. ಆಮೇಲೆ ಇಳೀತೀನಿ."

"ನಾನೂ ಅದನ್ನೇ ಹೇಳಿದೆ. ಕೇಳ್ತಾ ಇಲ್ಲ. ಊರಲ್ಲಿ ನಲ್ಲಿ ನಿಂತು ಜನ ಬೈತಿದ್ದಾರೆ. ಎರಡೂ ಕೆಲಸ ಒಟ್ಟಿಗೇ ಮುಗಿಸಿ ಅಂತ ಮೇಲಿಂದ ಒತ್ತಡ." ಮೇಡಂ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಏನೂ ಮುಟ್ಟಬೇಡಿ. ಎಲ್ಲಿ ಸೋರ್ತಿದೆ ಅಂತ ದೂರದಿಂದ ನೋಡಿ ಬನ್ನಿ, ಸಾಕು."

ಆಮೆ ಯೋಚಿಸಿದ. ಅಷ್ಟರಲ್ಲಿ ಮೇಡಂ ಫೋನು ಎರಡು ಸಲ ಹೊಡೆದುಕೊಂಡಿತು. ಎರಡು ಸಲವೂ ಅವರು "ಇಳೀತಿದ್ದಾರೆ ಸರ್" ಎಂದರು. ಆಮೆ ಮೈದುನನ ಕಡೆ ತಿರುಗಿ, "ನೀನೇನಂತೀಯ?" ಎಂದ.

ಊರಿನ ರಾಜಕೀಯದಿಂದ ಹಿಡಿದು ಎಣ್ಣೆಯ ಬೆಲೆಯವರೆಗೆ ಎಲ್ಲದರ ಮೇಲೂ ಅಭಿಪ್ರಾಯವಿದ್ದ ರೇಡಿಯೋ, "ನಿಮಗೆ ಬಿಟ್ಟಿದ್ದು ಭಾವ," ಎಂದುಬಿಟ್ಟ.

ಆಮೆ ಇಳಿದ. ಗಾಳಿ ತಳ್ಳುವ ಕಂಪ್ರೆಸರಿನ ಪಕ್ಕದಲ್ಲಿ ಬೋಳಣ್ಣ ಕೂತಿದ್ದ. ಅವನೂ ಡೈವರ್ರೇ. ಕೆಳಗಿದ್ದವನಿಗೆ ಏನಾದರೂ ಆದರೆ ಇಳಿಯಲೆಂದು ಅರ್ಧ ದಿರಿಸು ಹಾಕಿಕೊಂಡೇ ಕೂರುವುದು ಅವನ ಕೆಲಸ.

"ಗೋಡೆ ಸಿಕ್ತು," ಎಂದಿತು ಪೆಟ್ಟಿಗೆ. ಸ್ವಲ್ಪ ಹೊತ್ತಾದ ಮೇಲೆ, "ಗೇಟು ಸಿಕ್ತು." ಆಮೆಯ ಕೈಯಲ್ಲಿ ಒಂದು ಉದ್ದನೆಯ ಕೋಲು, ಅದರ ತುದಿಗೆ ಬಟ್ಟೆಯ ಚೂರು. ಎಲ್ಲಿ ಬಟ್ಟೆ ಸೆಳೆದುಕೊಳ್ಳುತ್ತದೋ ಅಲ್ಲಿ ಸೋರಿಕೆ. ಅವನು ಕೋಲನ್ನು ಗೇಟಿನ ಅಂಚಿನುದ್ದಕ್ಕೂ ಆಡಿಸುತ್ತಿದ್ದ. ರೇಡಿಯೋ ಮೇಲಿನಿಂದ, ತನ್ನ ಓಣಿಯಲ್ಲಿ ಒಬ್ಬ ನಾಯಿಗೆ ಕನ್ನಡಕ ಹಾಕಿಸಲು ಹೋದ ಕಥೆ ಹೇಳುತ್ತಿದ್ದ.

"ಸಿಕ್ತು. ಎಡಗಡೆ ಕೆಳಗಿನ ಮೂಲೆ. ರಬ್ಬರಷ್ಟೇ ಅಲ್ಲ, ಗೇಟಿನ ತಗಡೇ ಕಿತ್ತೋಗಿದೆ. ಜೋರಾಗಿ ಎಳೀತಿದೆ. ಬರ್ತೀನಿ."

ಹಿಂದಕ್ಕೆ ಹೆಜ್ಜೆ ಇಡುವಾಗ ಕಾಲಡಿಯ ಹೂಳು ಕುಸಿಯಿತು. ಪೆಟ್ಟಿಗೆಯಲ್ಲಿ ಕಿರುಚಾಟವೇನೂ ಕೇಳಲಿಲ್ಲ. "ಹಾ" ಎಂದಷ್ಟೇ ಕೇಳಿತು. ಆಮೇಲೆ, ತುಸು ತಡೆದು, "ಕಾಲು ಹೋಯ್ತು" ಎಂದ ಆಮೆ.

"ಎಲ್ಲಿಗೆ ಹೋಯ್ತು ಭಾವ?"

"ಸಂದಿಗೆ. ಎಳ್ಕೊಂಡ್ಬಿಡ್ತು."

ರೇಡಿಯೋ ಹಗ್ಗ ಜಗ್ಗಿದ. ಅವನ ಜಾಗದಲ್ಲಿ ಯಾರಿದ್ದರೂ ಜಗ್ಗುತ್ತಿದ್ದರು. "ಎಳೀಬೇಡ! ಎಳೀಬೇಡ!" ಎಂದು ಪೆಟ್ಟಿಗೆ ಅರಚಿತು. ಭಾವ ಕೂಗಿದ್ದನ್ನು ರೇಡಿಯೋ ಕೇಳಿದ್ದು ಅದೇ ಮೊದಲು. ಕೈ ಸುಟ್ಟವನಂತೆ ಹಗ್ಗ ಸಡಿಲ ಬಿಟ್ಟ.

ಅದೇ ಹೊತ್ತಿಗೆ ಅಣೆಕಟ್ಟಿನ ಆಚೆ ಬದಿಯಿಂದ, ವಾಲ್ವ್ ರಿಪೇರಿಯವರ ಕೂಗು ಕೇಳಿತು. "ನಿಂತೋಯ್ತು! ಸೋರೋದು ನಿಂತೋಯ್ತು!" ಯಾರೋ ಚಪ್ಪಾಳೆ ತಟ್ಟಿದರು. ಕೆಲಸ ಮುಗಿಯಿತೆಂದು ಅವರು ತಿಳಿದುಕೊಂಡಿದ್ದರು. ನಿಂತಿದ್ದು ನಿಜವೇ. ಆಮೆಯ ಕಾಲು ಆ ತೂತಿಗೆ ಬಿರಡೆಯಾಗಿತ್ತು.

ಬೋಳಣ್ಣ ಇಳಿದು, ದೂರದಿಂದ ಕೋಲಿನಲ್ಲಿ ತಡವಿ, ವಾಪಸು ಬಂದ. ಟೊಪ್ಪಿಗೆ ತೆಗೆದು ಹೇಳಿದ, "ಮಂಡಿವರೆಗೂ ಒಳಗಿದೆ. ಅಂಚಲ್ಲಿ ಇನ್ನೂ ಸೆಳೆತ ಇದೆ, ಹತ್ರ ಹೋದ್ರೆ ನನ್ನ ಕೈಯೂ ಹೋಗುತ್ತೆ. ಮೀಟೋಕೆ ಏನೂ ಇಲ್ಲ."

"ಎಷ್ಟು ಜನ ಎಳೆದ್ರೆ ಬರುತ್ತೆ ಮೇಡಂ?" ಎಂದ ರೇಡಿಯೋ. "ಆಚೆ ಕಡೆಯವರನ್ನೂ ಕರೀರಿ. ಹತ್ತು ಜನ ಆಗ್ತೀವಿ."

ಮೇಡಂ ತೆಪ್ಪದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. "ಎಷ್ಟು ಜನ ಎಳೆದ್ರೂ ಕಾಲು ಬರಲ್ಲಪ್ಪ. ಕಾಲು ಅಲ್ಲೇ ಇದ್ದು ಉಳಿದವನು ಬರ್ತಾನೆ." ತಮ್ಮ ಹೆಬ್ಬೆರಳ ಉಗುರು ತೋರಿಸಿದರು. "ಆ ಆಳದಲ್ಲಿ ಇಷ್ಟಗಲದ ಮೇಲೆ ಎರಡು ಕಿಲೋ ತೂಕ ಕೂತಿರುತ್ತೆ. ಆ ಸಂದಿಗೆ ಇಂಥ ಎಷ್ಟು ಉಗುರು ಹಿಡಿಯುತ್ತೆ ನೋಡು. ಸುತ್ತಲೂ ನೀರಿದ್ದಾಗ ಅದು ಗೊತ್ತಾಗಲ್ಲ, ಎಲ್ಲ ಕಡೆಯಿಂದ ಒತ್ತುತ್ತೆ, ಸಮ ಇರುತ್ತೆ. ಇಲ್ಲಿ ಈ ಕಡೆ ನೀರು, ಆ ಕಡೆ ಬರೀ ಗಾಳಿ."

ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಶಾಲೆಯಲ್ಲಿ ರೇಡಿಯೋ ಅದನ್ನು ಗಿಣಿಯ ಹಾಗೆ ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದ. ಆ ಮಾತು ಯಾರದ್ದಾದರೂ ಮಂಡಿಯ ಮೇಲೆ ಕೂರುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ.

"ಮತ್ತೇನು ಮಾಡೋದು?"

"ಆ ಕಡೇನೂ ನೀರು ತುಂಬಬೇಕು. ಇರೋದು ಅದೊಂದೇ ದಾರಿ."

ತುಂಬಬೇಕೆಂದರೆ ಪೈಪಿನ ಬಾಯಿ ಮುಚ್ಚಬೇಕು. ವಾಲ್ವು ಬಿಡಿಬಿಡಿಯಾಗಿ ನೆಲದ ಮೇಲೆ ಬಿದ್ದಿತ್ತು. ಅದನ್ನು ಜೋಡಿಸುವುದಕ್ಕಿಂತ ಒಂದು ಕಬ್ಬಿಣದ ಗುಂಡು ತಟ್ಟೆ ತಂದು ಬೋಲ್ಟು ಬಿಗಿಯುವುದು ಬೇಗ ಎಂದರು ರಿಪೇರಿಯವರು. ತಟ್ಟೆ ಊರಿನ ಉಗ್ರಾಣದಲ್ಲಿತ್ತು. ಲಾರಿ ಹೋಯಿತು. ಸೋರಿಕೆಗೆ ಕಾಲೇ ಅಡ್ಡವಾಗಿದ್ದರಿಂದ ಪೈಪು ತಾನಾಗಿ ತುಂಬುವಂತೆಯೂ ಇರಲಿಲ್ಲ. ಮೇಡಂ ಅಗ್ನಿಶಾಮಕ ಬಂಡಿ ಕರೆಸಿದರು, ಅದರ ಪಂಪಿನಿಂದ ಆಚೆ ಕಡೆ ನೀರು ಹೊಡೆಯಲು. ಮಾಡಬೇಕಾದ್ದನ್ನೆಲ್ಲ ಅವರು ಸರಿಯಾಗಿ, ಒಂದರ ಹಿಂದೆ ಒಂದು ಮಾಡಿದರು. ಅದೆಲ್ಲ ನಡೆಯುವಷ್ಟು ಹೊತ್ತೂ ಆಮೆ ಕೆಳಗೇ ಇದ್ದ.

"ಭಾವ, ಕೇಳಿಸ್ತಿದೆಯಾ?"

"ಕೇಳಿಸುತ್ತೆ. ನೀನು ಮಾತಾಡ್ತಾ ಇರು."

"ನೋವಿದೆಯಾ?"

"ಇದೆ. ಅದು ಬಿಟ್ಟು ಬೇರೆ ಮಾತಾಡು."

ರೇಡಿಯೋ ನಾಯಿಯ ಕನ್ನಡಕದ ಕಥೆ ಮುಂದುವರಿಸಿದ. ತನ್ನ ಬಾಯಿಂದ ಬರುತ್ತಿರುವುದು ಏನೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಒಂದು ಕಥೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಪೆಟ್ಟಿಗೆಯಲ್ಲಿ ಭಾವನ ಉಸಿರು ಕೇಳುತ್ತಿತ್ತು, ಗಾಳಿ ಬುಸ್ಸೆನ್ನುವುದು, ನಿಲ್ಲುವುದು. ನಿಂತಾಗಲೆಲ್ಲ ಇವನ ಉಸಿರೂ ನಿಲ್ಲುತ್ತಿತ್ತು.

ಅಕ್ಕನ ಫೋನು ಬಂತು. "ಏನೋ, ಇನ್ನೂ ಮುಗಿಲಿಲ್ವಾ? ಊಟಕ್ಕೆ ಬರ್ತೀನಿ ಅಂದಿದ್ರಲ್ಲ."

"ಸ್ವಲ್ಪ ತಡ ಆಗುತ್ತೆ ಅಕ್ಕ. ಕೆಲಸ ಜಾಸ್ತಿ ಇದೆ."

"ಅವರಿಗೆ ಹೇಳು, ಅಡುಗೆ ಮನೆ ನಲ್ಲಿ ಮತ್ತೆ ತೊಟ್ಟಿಕ್ತಿದೆ, ಟ್ಯಾಂಕಲ್ಲಿ ಉಳಿದಿರೋ ನಾಲ್ಕು ಹನಿಯೂ ಹೋಗ್ತಿದೆ. ಊರಿನ ನಲ್ಲಿಯೆಲ್ಲ ರಿಪೇರಿ ಮಾಡ್ತಾರೆ, ಮನೇದು ಮಾತ್ರ..."

"ಹೇಳ್ತೀನಿ."

ಫೋನಿಟ್ಟು ಅವನು ಪೆಟ್ಟಿಗೆಯ ಕಡೆ ಬಾಗಿದ. "ಭಾವ, ಅಕ್ಕ ಫೋನ್ ಮಾಡಿದ್ಲು. ಹೇಳ್ಲಾ?"

ಪೆಟ್ಟಿಗೆಯಲ್ಲಿ ಗಾಳಿ ನಾಲ್ಕೈದು ಸಲ ಬುಸ್ಸೆಂದಿತು. ಯೋಚಿಸುತ್ತಿದ್ದಾನೋ, ಮಾತಾಡಲು ಆಗುತ್ತಿಲ್ಲವೋ ತಿಳಿಯಲಿಲ್ಲ. "ಬೇಡ. ಅವಳಿಗೆ ಪ್ರೆಷರ್ ಇದೆ. ಬೆಳಿಗ್ಗೆ ಮಾತ್ರೆ ತಗೊಂಡ್ಲೋ ಇಲ್ವೋ. ಬಂದು ಏನು ಮಾಡ್ತಾಳೆ?"

"ನಲ್ಲಿ ತೊಟ್ಟಿಕ್ತಿದೆಯಂತೆ."

"ವಾಷರ್ ಹೋಗಿದೆ," ಎಂದ ಆಮೆ. "ಟೇಬಲ್ ಡ್ರಾಯರಲ್ಲಿ ಹೊಸದಿದೆ. ನೀನು ಹಾಕಿಕೊಡು."

ಲಾರಿ ಬಂತು. ತಟ್ಟೆ ಇಳಿಸಿದರು. ಬೋಲ್ಟಿನ ತೂತು ಒಂದು ಕಡೆ ಹೊಂದದೆ ಅದನ್ನು ಕೊರೆಯಬೇಕಾಯಿತು. ರಿಪೇರಿಯವರು ಹಲ್ಲು ಕಚ್ಚಿ ಕೆಲಸ ಮಾಡುತ್ತಿದ್ದರು. ಚಪ್ಪಾಳೆ ತಟ್ಟಿದವನು ಒಮ್ಮೆ ತೆಪ್ಪದ ಹತ್ತಿರ ಬಂದು, ಒಂದು ಬಾಟಲಿ ನೀರಿಟ್ಟು ಓಡಿಹೋದ.

ಇತ್ತ ಮೇಡಂ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮೊದಮೊದಲು ಅವರು ವಿವರಿಸುತ್ತಿದ್ದರು. ಆಮೇಲೆ ಆಮೇಲೆ ಬರೀ "ಸರ್, ಸರ್" ಎನ್ನುತ್ತಿದ್ದರು. ಕೊನೆಗೊಮ್ಮೆ ಅವರ ದನಿ ಏರಿತು. "ಬೇಗ ಮಾಡಿ ಅಂತ ಯಾರಿಗೆ ಹೇಳ್ಲಿ ಸರ್? ನನಗೆ ಹೇಳಬಹುದು, ಇವರಿಗೆ ಹೇಳಬಹುದು. ನೀರಿಗೆ ಹೇಳೋಕಾಗುತ್ತಾ?" ಫೋನನ್ನು ಬಂದ್ ಮಾಡಿ ಚೀಲಕ್ಕೆ ತುರುಕಿ, ಬೆನ್ನು ತಿರುಗಿಸಿ ನಿಂತರು.

ಅವನ ಹತ್ತಿರ ಮಾತು ತೀರಿಹೋಯಿತು. ಜನ್ಮದಲ್ಲಿ ಮೊದಲ ಸಲ ನಾಲಿಗೆಗೆ ಏನೂ ಸಿಗದೆ ಅವನು ಸುತ್ತ ಕಣ್ಣಾಡಿಸಿದ. ಕಂಪ್ರೆಸರಿನ ಮೇಲೆ ಬರೆದದ್ದನ್ನು ಓದತೊಡಗಿದ. "ಬಿಸಿಯಾದಾಗ ಮುಚ್ಚಳ ತೆರೆಯಬಾರದು. ಎಣ್ಣೆ ಗುರುತಿನವರೆಗೆ ಮಾತ್ರ." ಎಣ್ಣೆ ಡಬ್ಬಿಯ ಮೇಲಿನದು ಓದಿದ. ಬಿಸ್ಕತ್ತಿನ ಪೊಟ್ಟಣ ಓದಿದ, ಗೋಧಿ ಹಿಟ್ಟು, ಸಕ್ಕರೆ, ಉಪ್ಪು.

"ಉಪ್ಪು ಎಷ್ಟಂತೆ?" ಎಂದಿತು ಪೆಟ್ಟಿಗೆ ಸಣ್ಣಗೆ.

"ಬರೆದಿಲ್ಲ ಭಾವ."

"ಬರೀಬೇಕಿತ್ತು." ಆಮೆಯ ಹಲ್ಲು ಕಟಕಟಿಸುವ ಸದ್ದು ತಂತಿಯಲ್ಲಿ ಬರುತ್ತಿತ್ತು. "ನೋವು ನಿಂತಿದೆ ಕಣೋ. ಕಾಲಿದೆಯೋ ಇಲ್ವೋ ಗೊತ್ತಾಗ್ತಿಲ್ಲ. ಚಳಿ."

ಮೇಲೆ ಬಿಸಿಲು ನೆತ್ತಿ ಸುಡುತ್ತಿತ್ತು. ಹಲಗೆಯ ಮೇಲೆ ಕಾಲೂರಲು ಆಗುತ್ತಿರಲಿಲ್ಲ. ಆ ಬಿಸಿಲಲ್ಲಿ ಒಂದು ಹಿಡಿಯಾದರೂ ಕೆಳಗೆ ಕಳಿಸಲು ಸಾಧ್ಯವಿದ್ದರೆ ಎಂದು ರೇಡಿಯೋ ಯೋಚಿಸಿದ. ಹಗ್ಗ ಅವನ ಕೈಯಲ್ಲಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಅವನ ಭಾವನಿದ್ದ. ನಡುವೆ ಇದ್ದದ್ದು ನೀರು ಮಾತ್ರ, ಬೊಗಸೆಯಲ್ಲಿ ಹಿಡಿದರೆ ಸೋರಿಹೋಗುವ ನೀರು.

ತಟ್ಟೆ ಬಿಗಿದಾಯಿತು. ಅಗ್ನಿಶಾಮಕ ಬಂಡಿಯ ಪಂಪು ಗುಡುಗಿತು. ಆಚೆ ಕಡೆ ಪೈಪಿನೊಳಗಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ನೋಡುತ್ತಿದ್ದವನು ಕೂಗಿ ಹೇಳುವುದು, ಗೋಡೆಯ ಮೇಲೆ ನಿಂತವನು ಅದನ್ನು ಈಚೆಗೆ ಕೂಗುವುದು. ಬಹಳ ಹೊತ್ತು ಮುಳ್ಳು ಅಲುಗಲೇ ಇಲ್ಲ. ಆಮೇಲೆ ಅಲುಗಿತು. ಕಾಲುಭಾಗಕ್ಕೆ ಬಂತು, ಅರ್ಧಕ್ಕೆ ಬಂತು. ಮೇಡಂ ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದರು.

"ಭಾವ, ತುಂಬ್ತಿದೆ. ಇನ್ನು ಸ್ವಲ್ಪ."

ಪೆಟ್ಟಿಗೆಯಲ್ಲಿ ಉಸಿರು ಮಾತ್ರ.

"ಭಾವ!"

"ಬಿಡ್ತು," ಎಂದ ಆಮೆ.

ತೆಪ್ಪದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ರೇಡಿಯೋ ಹಲಗೆಯ ಮೇಲೆ ಕುಸಿದು ಕೂತ. ಮುಗಿಯಿತು ಅಂದುಕೊಂಡ. ಬೋಳಣ್ಣ ಟೊಪ್ಪಿಗೆ ಹಾಕಿಕೊಂಡು ಇಳಿದು, ಆಮೆಯನ್ನು ತಬ್ಬಿ ಹಿಡಿದು ನಿಧಾನವಾಗಿ ಮೇಲೆ ತಂದ. ನಡುನೀರಿನಲ್ಲಿ ನಿಂತ. ಇನ್ನಷ್ಟು ಮೇಲೆ ತಂದ, ಮತ್ತೆ ನಿಂತ. ಅಷ್ಟು ಹೊತ್ತು ಆಳದಲ್ಲಿದ್ದವನನ್ನು ಒಮ್ಮೆಲೇ ಎತ್ತುವಂತಿಲ್ಲ. ನೀರಿನ ಒತ್ತಡದಲ್ಲಿ ರಕ್ತದೊಳಗೆ ಕರಗಿ ಕೂತ ಗಾಳಿ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗಿನಂತೆ, ಮೈಯೊಳಗೆಲ್ಲ ಗುಳ್ಳೆಯಾಗಿ ಏಳುತ್ತದೆ. ಡಾಕ್ಟರು ಬಂದು ದಡದಲ್ಲಿ ಕಾದಿದ್ದರು. ಅವರೂ ಅದನ್ನೇ ಹೇಳಿದರು. ಜಜ್ಜಿದ ಕಾಲಿಗೆ ಮತ್ತೆ ರಕ್ತ ಹರಿಯತೊಡಗಿರುತ್ತದೆ, ಚಿಕಿತ್ಸೆಗೆ ಬೇಗ ಬಂದಷ್ಟೂ ಒಳ್ಳೆಯದು. ಆದರೆ ಬೇಗ ತಂದರೆ ಪ್ರಾಣಕ್ಕೇ ಕುತ್ತು.

ಕೊನೆಯ ನಿಲುಗಡೆ ನೀರಿನ ಮೇಲ್ಮೈಗೆ ಬಹಳ ಹತ್ತಿರ. ಹಸಿರು ನೀರಿನೊಳಗೆ ಎರಡು ಹಿತ್ತಾಳೆ ಟೊಪ್ಪಿಗೆಗಳು ಅಲುಗುತ್ತಿದ್ದವು. ಗಾಜಿನ ಹಿಂದೆ ಭಾವನ ಮುಖ ಕಂಡಂತಾಗುತ್ತಿತ್ತು. ತೆಪ್ಪದ ಮೇಲೆ ಮಕಾಡೆ ಮಲಗಿ ಕೈ ಚಾಚಿದರೆ ಇನ್ನೆರಡು ಮಾರು ಅಷ್ಟೇ.

"ಎಳ್ಕೊಳ್ಳೋ," ಎಂದ ಆಮೆ. "ಸಾಕು. ಎಳ್ಕೊ."

"ಇನ್ನೂ ಹೊತ್ತಿದೆ ಭಾವ."

"ನೋವು ವಾಪಸ್ ಬಂದಿದೆ. ತಡ್ಕೊಳ್ಳೋಕಾಗ್ತಿಲ್ಲ. ಎಳಿ."

"ಆಗಲ್ಲ ಭಾವ. ನೀವೇ ಅಲ್ವಾ ಎಲ್ರಿಗೂ ಹೇಳಿಕೊಡೋರು?"

"ನಾನು ಹೇಳ್ತಿದ್ದೀನಿ, ಎಳಿಯೋ!" ಆಮೇಲೆ ಆಮೆ ಅತ್ತ. ಯಾವತ್ತೂ ಯಾರನ್ನೂ ಏನೂ ಬೇಡದವನು, ಮೈದುನನನ್ನು ಅಪ್ಪಾ ಅಯ್ಯಾ ಎಂದು ಬೇಡಿಕೊಂಡ. ಬೈದ. ನಿನ್ನಕ್ಕನ ಮೇಲೆ ಆಣೆ ಎಂದ. ರೇಡಿಯೋ ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡು, ಎಳೆಯದೆ, ಅಲ್ಲಾಡದೆ ಕೂತ. ಬೋಳಣ್ಣ ನೀರಿನೊಳಗೆ ಆಮೆಯನ್ನು ಹಿಂದಿನಿಂದ ತಬ್ಬಿ ಹಿಡಿದುಕೊಂಡಿದ್ದ. ಮೇಡಂ ಬಂದು ರೇಡಿಯೋನ ಮಣಿಕಟ್ಟು ಹಿಡಿದರು. ಅವನು ಎಳೆಯದಿರಲೆಂದು ಹಿಡಿದರೋ, ಅವನಿಗೆ ಆಸರೆಯಾಗಲೆಂದೋ ಅವರಿಗೂ ಗೊತ್ತಿರಲಿಕ್ಕಿಲ್ಲ. ಅಕ್ಕನ ಕರೆಗೆ ರೇಡಿಯೋನ ಮೊಬೈಲು ಹಲಗೆಯ ಮೇಲೆ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಹೊತ್ತಾಯಿತೆಂದು ಡಾಕ್ಟರು ಕೈಸನ್ನೆ ಮಾಡಿದ ಮೇಲೆ ಆಮೆಯನ್ನು ಹೊರಗೆ ತೆಗೆದರು. ಟೊಪ್ಪಿಗೆ ಬಿಚ್ಚುವಾಗ ಅವನು ಯಾರನ್ನೂ ನೋಡಲಿಲ್ಲ.

ಜೀವ ಉಳಿಯಿತು. ಕಾಲು ಉಳಿಯಲಿಲ್ಲ. ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ಓಣಿಯವರು ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಆಂಬುಲೆನ್ಸಿನ ಹಿಂದೆಯೇ ಬಂದಿದ್ದಳು. ನರ್ಸಮ್ಮ ಅವಳ ತೋಳಿಗೆ ಪಟ್ಟಿ ಸುತ್ತಿ ಪ್ರೆಷರ್ ನೋಡಿ, "ಇವರದು ಸರಿಯಾಗೇ ಇದೆ," ಎಂದಳು. ಪಕ್ಕದಲ್ಲಿದ್ದ ರೇಡಿಯೋನ ಮುಖ ನೋಡಿ ಅವನಿಗೂ ಸುತ್ತಿದಳು. ಇನ್ನೊಮ್ಮೆ ನೋಡಿದಳು. "ನೀವು ಮಲಗಬೇಕು," ಎಂದಳು.

ಕೆಲವು ದಿನಗಳಲ್ಲಿ ಊರಿಗೆ ನೀರು ಬಂತು. ಎರಡೂ ಕಡೆ ನೀರು ತುಂಬಿಸಿ, ಬೋಳಣ್ಣನೇ ಇಳಿದು ಆ ಮೂಲೆಗೆ ತಗಡು ಹೊಡೆದ. ಇಂಜಿನಿಯರ್ ಮೇಡಂ ಎರಡು ಸಲ ಆಸ್ಪತ್ರೆಗೆ ಬಂದರು. ಮೊದಲ ಸಲ ಅವರೇ ಅತ್ತರು, ಎರಡನೆಯ ಸಲ ತಮ್ಮನ್ನು ಬೇರೆ ಕಡೆ ಹಾಕಿದ್ದಾರೆ ಎಂದು ಹೇಳಿ ಹೋದರು. ಆಮೆ ಅವರಿಗೂ, ಬಂದವರೆಲ್ಲರಿಗೂ, "ಆಯ್ತು, ಬಿಡಿ" ಎನ್ನುತ್ತಿದ್ದ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಕ್ಕ, ಒಗೆದ ಬಟ್ಟೆ ಮಡಿಸುತ್ತಾ, ಗಂಡನ ಪ್ಯಾಂಟಿನ ಒಂದು ಕಾಲನ್ನು ಮೇಲಕ್ಕೆ ಮಡಿಸಿ ಪಿನ್ನು ಹಾಕುತ್ತಾ, ತಮ್ಮನಿಗೆ ಹೇಳಿದಳು. "ನಾನು ಫೋನ್ ಮಾಡಿದಾಗ ನೀನು ಸುಳ್ಳು ಹೇಳಿದೆ."

"ಭಾವನೇ ಬೇಡ ಅಂದ್ರು ಅಕ್ಕ."

"ಅವರು ನೂರು ಅಂತಾರೆ. ಹೇಳಿದ್ರೆ ನಾನು ಬಂದು ಅಲ್ಲಿ ನಿಂತಿರ್ತಿದ್ದೆ."

"ಬಂದು ಏನು ಮಾಡ್ತಿದ್ದೆ?"

ಅಕ್ಕ ಪಿನ್ನನ್ನು ಬಟ್ಟೆಗೆ ಚುಚ್ಚಿ, ಅದು ನೆಟ್ಟಗೆ ಕೂತಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದಳು. "ಏನೂ ಮಾಡ್ತಿರ್ಲಿಲ್ಲ. ನೀವೆಲ್ಲ ಏನು ಮಾಡಿದ್ರೋ ಅದನ್ನೇ."

ಒಳಗಿನ ಕೋಣೆಯಲ್ಲಿ ಊರುಗೋಲು ನೆಲಕ್ಕೆ ತಾಗಿದ ಸದ್ದು. ಆಮೆ ಬಾಗಿಲಿಗೆ ಬಂದಿದ್ದ. ನಡುಮನೆ ದಾಟಿ ಕಿಟಕಿಯ ಹತ್ತಿರದ ಕುರ್ಚಿಗೆ ಹೋಗಬೇಕಿತ್ತು. ರೇಡಿಯೋ ಎದ್ದ. "ಮುಟ್ಟಬೇಡ," ಎಂದ ಆಮೆ, ಸಿಟ್ಟಿಲ್ಲದೆ. ಹಣೆಯ ಮೇಲೆ ಆಗಲೇ ಬೆವರು ಮೂಡಿತ್ತು. ಊರುಗೋಲಿನ ರಬ್ಬರು ನೆಲದ ಮೇಲೆ ಸ್ವಲ್ಪ ಜಾರಿತು. ಅಕ್ಕನ ಕೈ ತಾನಾಗಿ ಮುಂದೆ ಹೋಗಿ, ನಡುವೆಯೇ ನಿಂತು, ಮಡಿಲಿಗೆ ವಾಪಸು ಬಂತು. ಅಕ್ಕ ತಮ್ಮ ಇಬ್ಬರೂ ಹಾಗೇ ನೋಡುತ್ತಾ ಉಳಿದರು, ಅವನು ಕುರ್ಚಿಯ ತೋಳು ಹಿಡಿಯುವವರೆಗೆ.